ನನಗೆ ಕಟ್ಟು ಹಾಕದ ತಾತ

ಕಟ್ಟು ತಾತನ ಎರಡೂ ಹೆಬ್ಬೆರಳು ಚಪ್ಪಟೆ. ಉಗುರಿನ ಸುತ್ತ ಮೊಟ್ಟೆಯ ಬಿಳಿ ಒಣಗಿ ಪೊರೆ ಕಟ್ಟಿರುತ್ತಿತ್ತು. ಕೊತ್ತಗೆರೆ ಸುತ್ತ ಯಾರ ಕೈಕಾಲು ಮುರಿದರೂ ಆ ಬೆರಳುಗಳೇ ಮೂಳೆ ಕೂರಿಸಿ, ಮೊಟ್ಟೆಯ ಬಿಳಿ ಬಳಿದು, ಬಿದಿರ ದಬ್ಬೆ ಇಟ್ಟು ಕಟ್ಟಬೇಕು. ನೋವಿಗೆ ಕಿರುಚಿದವರಿಗೆ, "ಕೂಗ್ಕೊ ಮಗಾ, ಮೂಳೆಗೇನು ಕಿವಿ ಐತಾ" ಅನ್ನುತ್ತಿದ್ದರು.

ಕಬಡ್ಡಿ ಆಡುವಾಗ ನನ್ನ ಬಲಮಂಡಿ ಟಪ್ ಎಂದಿತು. ಪೊಲೀಸ್ ಕೆಲಸದ ಲಿಖಿತ ಪರೀಕ್ಷೆ ಪಾಸಾಗಿದ್ದೆ, ಓಟದ ಪರೀಕ್ಷೆಯೊಂದು ಬಾಕಿ. ಊತ ಇಳಿದರೂ ನಡೆಯುತ್ತಿದ್ದ ಹಾಗೇ ಕಾಲು ಕೈಕೊಟ್ಟು ಕುಸಿಯುತ್ತಿದ್ದೆ. ಅಪ್ಪ ತಾತನ ಹತ್ತಿರ ಕರೆದೊಯ್ದರು. ಓಟದ ದಿನಕ್ಕೆ ಹೇಗಾದರೂ ಈ ಕಾಲು ನಿಲ್ಲುವ ಹಾಗೆ ಮಾಡಿಕೊಡಿ ಎಂದು ಅವರ ಕಾಲು ಹಿಡಿದುಕೊಂಡೆ.

ತಾತ ನನ್ನ ಮಂಡಿ ಮಡಿಸಿ, ಪಾದದ ಮೇಲೆ ಕೂತು, ಮಂಡಿಯ ಕೆಳಗೆ ಹಿಡಿದು ತಮ್ಮತ್ತ ಎಳೆದರು. ಮೂಳೆ ಮುಂದಕ್ಕೆ ಜಾರಿದ್ದು ನನಗೇ ತಿಳಿಯಿತು.

"ಮೂಳೆ ಆಗಿದ್ರೆ ಕಟ್ತಿದ್ದೆ ಕಣವ್ವ. ಇದು ಒಳಗಿನ ನಾರು. ಹರಿದ್ರೆ ಕಟ್ಟು ಹಾಕಿದ್ರೂ ಕೂಡಲ್ಲ. ತುಮಕೂರಿನ ಆಸ್ಪತ್ರೆಗೆ ಹೋಗು."

ಆಪರೇಷನ್ ಬೇಡ, ಕಟ್ಟೇ ಹಾಕಿ ಎಂದು ಅಪ್ಪ ಹಠ ಹಿಡಿದರು. ಮೊಟ್ಟೆ ಬಟ್ಟಲು ಹಿಡಿದು ಕುಂಟುತ್ತಾ ಬಂದ ತಮ್ಮ ಮಗಳನ್ನು ತಾತ ತೋರಿಸಿದರು. "ಇವ್ಳಿಗೂ ಇದೇ ಆಗಿತ್ತು. ಗೊತ್ತಿಲ್ದೆ ಎಂಟು ತಿಂಗ್ಳು ಕಟ್ಟಿದೆ. ನೋಡ್ಕಳಿ." ಮರುದಿನವೇ ಅಪ್ಪ ನನ್ನನ್ನು ತುಮಕೂರಿಗೆ ಕರೆದೊಯ್ದರು.

ಮಂಡಿಯೊಳಗೆ ಮೂಳೆ ಮುಂದೆ ಜಾರದಂತೆ ತಡೆಯುವ ಲಿಗಮೆಂಟ್ ಪೂರ್ತಿ ಹರಿದಿದೆ ಎಂದರು ಡಾಕ್ಟರು. ನನ್ನದೇ ತೊಡೆಯ ಹಿಂದಿನಿಂದ ನಾರು ತೆಗೆದು, ಮೂಳೆಗೆ ತೂತು ಕೊರೆದು, ಆ ಜಾಗಕ್ಕೆ ಪೋಣಿಸಿದರು. ಆ ಸಲದ ಓಟ ಕೈತಪ್ಪಿತು. ಗೋಡೆಗೆ ಮುಖ ಮಾಡಿ ಎಷ್ಟು ಅತ್ತೆನೋ.

ಚೇತರಿಸಿಕೊಂಡ ಮೇಲೆ ತಾತನಿಗೆ ತೋರಿಸಲು ಹೋದೆ. ಹೊಲಿಗೆಯ ಗುರುತನ್ನು ಹೆಬ್ಬೆರಳಲ್ಲಿ ಸವರಿ, ಆ ಒಂದೇ ಕಾಲ ಮೇಲೆ ನಿಲ್ಲು ಎಂದರು. ನಿಂತೆ. ತಾತ, "ನನ್ ಮಗ್ಳಿಗೂ ಈಗ ಮಾಡ್ತಾರಾ, ಡಾಕ್ಟ್ರನ್ನ ಒಂದ್ಮಾತು ಕೇಳವ್ವ" ಅಂದರು. ಕೇಳುತ್ತೇನೆ ಎಂದೆ.

ಕೇಳಲಿಲ್ಲ. ನನ್ನ ಕಾಲು, ನನ್ನ ತಾಲೀಮು, ಮುಂದಿನ ಓಟ, ಇಷ್ಟೇ ನನ್ನ ಲೋಕವಾಗಿತ್ತು. ಮುಂದಿನ ಸಲ ಮತ್ತೆ ಪರೀಕ್ಷೆ ಬರೆದೆ, ಓಡಿದೆ, ಕೆಲಸವೂ ಸಿಕ್ಕಿತು.

ಕಳೆದ ತಿಂಗಳು ತಾತ ತೀರಿಕೊಂಡರು. ತಿಥಿಯ ಊಟದಲ್ಲಿ ಅವರ ಮಗಳು, ಆ ಅಕ್ಕ, ಕುಂಟುತ್ತಾ ಬಡಿಸಿಕೊಂಡು ಬಂದು ನನ್ನ ಎಲೆಯ ಮುಂದೆ ನಿಂತರು. "ಆ ಹುಡ್ಗಿ ಬಂದ್ಲಾ ಅಂತ ಅಪ್ಪ ಕೇಳ್ತಾನೇ ಇದ್ರು ಕಣಮ್ಮ." ಕೈ ತೊಳೆದು ಬಂದು, ನನ್ನ ಜೊತೆ ತುಮಕೂರಿಗೆ ಬನ್ನಿ ಅಕ್ಕ ಎಂದೆ.

ಈಗ ತುಮಕೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೇನೆ. ಒಳಗೆ ಅಕ್ಕನ ಮಂಡಿಯ ಸ್ಕ್ಯಾನ್ ನಡೆಯುತ್ತಿದೆ. ಇಷ್ಟು ವರ್ಷ ಜಾರಿದ ಮಂಡಿ ಒಳಗೆ ಸವೆದಿರುತ್ತದೆ, ಭರವಸೆ ಕೊಡಲಾರೆ ಎಂದಿದ್ದಾರೆ ಡಾಕ್ಟರು. ತಾತ ತಡ ಮಾಡಿದ್ದು ತಿಳಿಯದೆ. ನಾನು ಎಲ್ಲ ತಿಳಿದೂ ತಡ ಮಾಡಿದೆ.