ಅಗಲದ ತುದಿ ರಸ್ತೆಯ ಕಡೆಗೆ

ನಮ್ಮ ಮನೆತನದಲ್ಲಿ ಯಾರೂ ಇಂಜಿನಿಯರ್ ಆಗುವ ಮಾತೇ ಇಲ್ಲ ಎಂದವರು ಕುಪ್ಪಗಡ್ಡೆಯ ನನ್ನ ಸೋದರಮಾವ. ನಾನು ಮಾಡಿದ ತಪ್ಪನ್ನು ಅದೇ ಮಾವನ ತಲೆಗೆ ಕಟ್ಟಿ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ನಾನು.

ಹಾಗೆಂದ ಮಾವನೇ ಇಂಜಿನಿಯರಿಂಗ್ ಸೀಟು ಸಿಕ್ಕ ದಿನ ನಮ್ಮೂರು ಈಸೂರಿಗೆ ಬಂದು, ನನ್ನ ಟ್ರಂಕನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಟ್ಟರು. "ಆಗಲ್ಲ ಅಂದಿದ್ದು ನಿಜ. ಆಗಬಾರ್ದು ಅಂತ ಅಂದಿಲ್ಲ" ಎಂದು ದಾರಿಯುದ್ದಕ್ಕೂ ಸಮಜಾಯಿಷಿ ಬೇರೆ.

ನಾನು ಮೂರನೇ ವರ್ಷದಲ್ಲಿದ್ದಾಗ ಅವರು ತಮ್ಮ ಮನೆಯ ಜಗಲಿಯ ಮುಂದೆ ಕಬ್ಬಿಣದ ಚಾವಣಿ ಹಾಕಿಸಲು ಹೊರಟರು. ಕಂಬವಿಲ್ಲದೆ, ಗೋಡೆಯಿಂದಲೇ ಹೊರಚಾಚಿದ ತೊಲೆಗಳು. ಪಕ್ಕದಿಂದ ನೋಡಿದರೆ, ಮೇಲಿಂದ ಕೆಳಕ್ಕೆ ಒಂದು ತುದಿ ಅಗಲ, ಇನ್ನೊಂದು ತುದಿ ಅದರ ಅರ್ಧ. ನಾವು ಕಾಲೇಜಿನಲ್ಲಿ ಟೇಪರ್ ಬೀಮ್ ಅನ್ನುತ್ತಿದ್ದುದು ಇದನ್ನೇ. "ಲೆಕ್ಕ ನೀನೇ ಮಾಡು" ಎಂದರು ಮಾವ. ನನಗೋ — ಹೇಗೆ ಹೇಳಲಿ — ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅಂಥ ತೊಲೆಯ ಸ್ಟಿಫ್‌ನೆಸ್, ಅಂದರೆ ಭಾರ ಬಿದ್ದಾಗ ಬಗ್ಗದೆ ನಿಲ್ಲುವ ತಾಕತ್ತು, ಉದ್ದಕ್ಕೂ ಬದಲಾಗುತ್ತ ಹೋಗುತ್ತದೆ. ಅಗಲ ಅರ್ಧವಾದ ಕಡೆ ತಾಕತ್ತು ಅರ್ಧವಲ್ಲ, ಎಂಟನೇ ಒಂದು ಪಾಲು. ತೊಲೆಯನ್ನು ತುಂಡುತುಂಡಾಗಿ ನೋಡಿ ಕೂಡಬೇಕು. ನಾನು ಹಾಗೆ ಮಾಡಲಿಲ್ಲ. ಎರಡು ತುದಿಯ ಸರಾಸರಿ ತೆಗೆದು, ಉದ್ದಕ್ಕೂ ಒಂದೇ ಅಗಲ ಎಂದುಕೊಂಡು, ಐದು ನಿಮಿಷದಲ್ಲಿ ಮುಗಿಸಿದೆ.

ಮಾವ ಬಂದು ಕೇಳಿದರು: "ಅಗಲದ ತುದಿ ರಸ್ತೆ ಕಡೆಗೆ ಬಂದ್ರೆ ಏನಾದ್ರೂ ಆಗ್ತದೇನೇ? ನೋಡೋರಿಗೆ ಗಟ್ಟಿ ಕಾಣ್ತದೆ."

"ಏನೂ ಆಗಲ್ಲ ಮಾವ. ಯಾವ ಕಡೆಯಿಂದ ನೋಡಿದ್ರೂ ಲೆಕ್ಕ ಒಂದೇ."

ನನ್ನ ಲೆಕ್ಕದಲ್ಲಿ ನಿಜವಾಗಿಯೂ ಒಂದೇ ಆಗಿತ್ತು. ಸರಾಸರಿಗೆ ಹಿಂದುಮುಂದು ತಿಳಿಯುವುದಿಲ್ಲವಲ್ಲ. ಆದರೆ ಭಾರವೆಲ್ಲ ಬಂದು ಜಗ್ಗುವುದು ಗೋಡೆಯ ಬುಡದಲ್ಲಿ — ಮಾವ ನನ್ನ ಮಾತು ನಂಬಿ ತಿರುಗಿಸಿ ಹಾಕಿಸಿದ್ದರಿಂದ ಅಲ್ಲೇ ಕಿರಿದಾದ ತುದಿ ಕೂತಿತ್ತು.

ಗೌರಿ ಹಬ್ಬಕ್ಕೆ ನೆಂಟರೆಲ್ಲ ಮಾವನ ಮನೆಯಲ್ಲಿ ಸೇರಿದ್ದರು. ಅಷ್ಟು ಹೊತ್ತಿಗೆ ಶೀಟು ಹೊತ್ತ ಚಾವಣಿ ರಸ್ತೆಯ ಕಡೆಗೆ ಎದ್ದುಕಾಣುವಂತೆ ಬಾಗಿಬಿಟ್ಟಿತ್ತು. "ಏನ್ರೀ, ನಿಮ್ಮ ಚಾವಣಿ ಬಂದೋರಿಗೆಲ್ಲ ನಮಸ್ಕಾರ ಮಾಡ್ತೈತಲ್ಲ" ಎಂದು ಪಕ್ಕದ ಮನೆಯವರು ನಕ್ಕರು. ನಾನು ಒಳಗೆ ಹೋಗಿ ತೊಲೆಯನ್ನು ಹತ್ತು ತುಂಡು ಮಾಡಿಕೊಂಡು ಹೊಸದಾಗಿ ಲೆಕ್ಕ ಹಾಕಿದೆ. ಅಗಲದ ತುದಿ ಗೋಡೆಗೆ ಕೂತಿದ್ದರೆ ಬಗ್ಗುತ್ತಿದ್ದುದರ ಮೂರು ಪಟ್ಟಿಗೂ ಹೆಚ್ಚು ಬಗ್ಗಿತ್ತು.

ಹೊರಗೆ ಬಂದರೆ ಅಪ್ಪ ಎಲ್ಲರ ಎದುರೇ ಕೇಳಿದ: "ಹಿಂಗ ಹಾಕು ಅಂತ ನೀ ಹೇಳಿದ್ಯೇನವ್ವ?"

"ಇಲ್ಲ" ಎಂದೆ.

ಒಂದೇ ಮಾತು. ಮಾವ ಅಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು — ಸಿಟ್ಟಿನಿಂದಲ್ಲ, ಅದೇ ನನಗೆ ಇಂದಿಗೂ ಚುಚ್ಚುತ್ತದೆ — ಆಮೇಲೆ ಅಪ್ಪನಿಗೆ ಹೇಳಿದರು: "ನಾನೇ ಭಾವ, ಚೆಂದ ಕಾಣ್ಲಿ ಅಂತ ತಿರುಗಿಸ್ದೆ. ಅವಳನ್ನ ಕೇಳ್ಲಿಲ್ಲ."

ವೆಲ್ಡರನ್ನು ಕರೆಸಿ ತೊಲೆಗಳನ್ನು ಕಳಚಿ ಸರಿಯಾಗಿ ಕೂರಿಸಿದರು. ಓದಿದ ಹುಡುಗಿ ಮನೆಯಲ್ಲೇ ಇದ್ದರೂ ಒಂದು ಮಾತು ಕೇಳದ ಜಂಭದ ಮನುಷ್ಯ ಎಂಬ ಹೆಸರು ಮಾವನಿಗೆ ಅಂಟಿತು. ನನಗೆ? ಮನೆ ಕಟ್ಟುವವರು ನಕ್ಷೆ ಹಿಡಿದು ನನ್ನನ್ನು ಹುಡುಕಿಕೊಂಡು ಬರತೊಡಗಿದರು. "ಇವರ ಮಾವ ಕೇಳದೆ ಕೆಟ್ಟರು, ನಾವು ಕೇಳಿಯೇ ಹಾಕ್ತೀವಿ" ಅನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಆ ತಲೆಯಾಡಿಸಿದ್ದು ಮೊದಲಿನ ಸುಳ್ಳಿಗಿಂತ ಕೀಳು. ಮೊದಲಿನದು ಹೆದರಿ ಹೇಳಿದ್ದು, ಇದು ಹೆಸರಿನ ಆಸೆಗೆ.

ಪರೀಕ್ಷೆಯಲ್ಲಿ ಎರಡು ವಿಷಯ ಬಾಕಿ ಉಳಿದು, ಶಿಕಾರಿಪುರದಲ್ಲಿ ಸೈಟಿನ ಕೆಲಸ ಮಾಡುತ್ತಲೇ ಮತ್ತೆ ಮತ್ತೆ ಬರೆದು, ಅಂತೂ ಈ ವರ್ಷ ಡಿಗ್ರಿ ಸರ್ಟಿಫಿಕೇಟು ಕೈಗೆ ಬಂತು. ನಮ್ಮ ಮನೆತನದಲ್ಲಿ ಮೊದಲನೆಯದು. ಹೆಮ್ಮೆ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಅಪ್ಪನನ್ನು ಕರೆದುಕೊಂಡು ನೇರ ಕುಪ್ಪಗಡ್ಡೆಗೆ ಹೋದೆ. ಅತ್ತೆ ಸಕ್ಕರೆ ತರಲು ಒಳಗೆ ಹೊರಟರು. ನಿಲ್ಲಿಸಿದೆ.

"ಅಪ್ಪ, ಅವತ್ತು ಹಂಗೆ ಹಾಕಿ ಅಂತ ಹೇಳಿದ್ದು ನಾನೇ. ಮಾವ ಕೇಳಿದ್ರು. ಏನೂ ಆಗಲ್ಲ ಅಂದೆ. ಆಮೇಲೆ ಇಲ್ಲ ಅಂದೆ."

ಅತ್ತೆ ಮಾವನ ಕಡೆ ತಿರುಗಿ, "ಊರೋರು ಆಡ್ಕೊಳ್ಳೋವಾಗ ನಾನೂ ಸೇರ್ಕೊಂಡು ಬೈದ್ನಲ್ರೀ ನಿಮ್ಮನ್ನ" ಎಂದರು.

ಸರ್ಟಿಫಿಕೇಟನ್ನು ಮಾವನ ಕೈಗೆ ಕೊಟ್ಟೆ. ಅವರು ಟವೆಲ್ಲಿನಿಂದ ಕೈ ಒರೆಸಿಕೊಂಡು ತೆಗೆದುಕೊಂಡರು. ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು. ಆಮೇಲೆ ಹೇಳಿದರು:

"ನಿನ್ನ ಲೆಕ್ಕ ಇನ್ನೂ ತಪ್ತದೆ ಕಣೆ, ಕೆಲಸ ಅಂದ್ಮೇಲೆ. ತಪ್ಪಿದ ದಿನಾನೇ ಹೇಳ್ಬಿಡು. ಬೈತಾರೆ, ಬೈಸ್ಕೊ. ನಾನು ಬಂದು ಪಕ್ಕದಲ್ಲಿ ನಿಂತ್ಕೊತೀನಿ."