ಮಿಕ್ಸಿಗೆ ಬಿಟ್ಟುಕೊಟ್ಟ ಪ್ಲಗ್

ಬೆಳಗ್ಗೆಯಿಂದ ಕೂತು ಮಾಡಿದ ಕೆಲಸ ಇವತ್ತು ಚಟ್ನಿಗೆ ಹೋಯ್ತು ಗೆಳೆಯರೇ.

ಅಂಗೈಯಗಲದ ಕಂಪ್ಯೂಟರಿಗೆ ಲಿನಕ್ಸ್ ಅನ್ನೋ ಪುಟಾಣಿ ಸಾಫ್ಟ್‌ವೇರ್ ಹಾಕಿ, ಆಂಪ್ಲಿಫೈಯರಿಗೆ ಜೋಡಿಸಿ ಹಾಡು ಕೇಳೋದು ನನ್ನ ಹುಚ್ಚು. ಸೊರಬದಿಂದ ಅಕ್ಕನ ಗಂಡ ಬರೋರಿದ್ದರು. ಇಷ್ಟವಾದರೆ ಅವರಿಗೂ ಒಂದು ಮಾಡಿಕೊಡೋ ಮಾತಿತ್ತು. ಹಾಗಾಗಿ ಬೇಸು, ಟ್ರೆಬಲ್ಲು ಅಂತ ದನಿಯ ಏರಿಳಿತ ಎಲ್ಲ ತಿದ್ದಿ ತೀಡಿ ಇಟ್ಟಿದ್ದೆ.

ಭಾವ ಒಂದು ಹಾಡು ಕೇಳಿದರು. "ಡಬ್ಬದೊಳಗೆ ಕೂತು ಹಾಡಿದಂಗಿದೆ ಮಾರಾಯ" ಅಂದರು. ನನಗೆ ಉರಿದುಹೋಯ್ತು.

ಅಷ್ಟರಲ್ಲಿ ಅವ್ವ ಬಂದು ನನ್ನ ಕಂಪ್ಯೂಟರಿನ ಪ್ಲಗ್ ಕಿತ್ತು ಮಿಕ್ಸಿ ಹಾಕಿದಳು.

"ಅವ್ವಾ, ಸೇವ್ ಮಾಡಿರಲಿಲ್ಲ!"

"ಕರೆಂಟ್ ಕಿತ್ತರೂ ಏನೂ ಆಗಲ್ಲ ಅಂತ ನೀನೇ ಹೇಳಿದ್ಯಲ್ಲೋ. ಅಳಿಯಂದ್ರಿಗೆ ಬರೀ ರೊಟ್ಟಿ ಕೊಡ್ಲಾ?"

ಹೇಳಿದ್ದು ನಿಜ. ಈ ಲಿನಕ್ಸ್ ಕೆಡಲ್ಲ. ಸೇವ್ ಮಾಡದೇ ಇದ್ದದ್ದನ್ನ ಮಾತ್ರ ಪೂರ್ತಿ ಮರೆತುಬಿಡುತ್ತೆ.

ಚಟ್ನಿ ರುಬ್ಬಿದ ಮೇಲೆ ಮತ್ತೆ ಅದೇ ಹಾಡು ಹಚ್ಚಿದೆ. ನಾನು ತಿದ್ದಿದ್ದು ಒಂದೂ ಉಳಿದಿರಲಿಲ್ಲ. ಭಾವ ಕಣ್ಣು ಮುಚ್ಚಿ ತಲೆದೂಗಿದರು.

"ಈಗ ನೋಡು, ಎದುರಿಗೇ ಕೂತು ಹಾಡಿದಂಗಿದೆ. ಏನು ಮಾಡಿದೆ? ನಮ್ಮನೇದಕ್ಕೂ ಹಿಂಗೇ ಮಾಡಿಕೊಡಬೇಕು."

ಮುಂದಿನ ವಾರ ಸೊರಬಕ್ಕೆ ಹೊರಟಿದ್ದೀನಿ. ಅವ್ವನನ್ನೂ ಕರೆದುಕೊಂಡು ಹೋಗ್ತೀನಿ. ಮಿಕ್ಸಿ ಅವರ ಮನೇಲೇ ಇದೆ.