ನನ್ನ ಹರಕೆಗೆ ಅವಳ ಮೈ

ಬಾಣಂತಿ ಹೆಂಡತಿಯನ್ನು ಸಾವಿನ ದವಡೆಗೆ ನೂಕಿದವನು ನಾನು. ಅವಳನ್ನು ಉಳಿಸಿದವಳು ಸವದತ್ತಿ ಗುಡ್ಡದ ಎಲ್ಲಮ್ಮ. ಉಳಿಸಿದ್ದನ್ನು ಮಾತ್ರ ಇಷ್ಟು ವರ್ಷ ಹೇಳಿಕೊಂಡು ತಿರುಗಿದೆ, ನೂಕಿದ್ದನ್ನು ಮುಚ್ಚಿಟ್ಟೆ. ಅವ್ವನ ಭಕ್ತರೇ, ಇಂದು ಎರಡನ್ನೂ ಬರೆಯುತ್ತೇನೆ.

ಎಪ್ಪತ್ನಾಲ್ಕನೆಯ ಇಸವಿ. ನಾನು ಕಟಕೋಳದವನು, ಮ್ಯಾಟ್ರಿಕ್ ಮುಗಿಸಿ ಬೈಲಹೊಂಗಲದ ಅರಳೆ ಗಿರಣಿಯಲ್ಲಿ ಕಾರಕೂನನಾಗಿದ್ದೆ. ಹೆಂಡತಿ ಗಂಗವ್ವನಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಮೂರನೆಯ ಸಲ ಅವ್ವನಲ್ಲಿ ಬೇಡಿಕೊಂಡೆ: ‘ಕೂಸು ಉಳಿದರೆ, ಅದಕ್ಕೆ ತಿಂಗಳು ತುಂಬಿದ ಕೂಡಲೇ ತಾಯಿಯಿಂದ ಗುಡಿಯ ಸುತ್ತ ಐದು ಸುತ್ತು ದೀಡ ನಮಸ್ಕಾರ ಹಾಕಿಸುತ್ತೇನೆ.’ ನೆಲದ ಮೇಲೆ ಉದ್ದಕ್ಕೆ ಮಲಗಿ, ಕೈ ಮುಟ್ಟಿದಲ್ಲಿ ಗೆರೆ ಎಳೆದು, ಎದ್ದು, ಆ ಗೆರೆಯಿಂದ ಮತ್ತೆ ಮಲಗುತ್ತ ಹೋಗುವ ಸೇವೆ ಅದು. ಬೇಡಿಕೊಳ್ಳುವಾಗ ಅವಳನ್ನು ಒಂದು ಮಾತು ಕೇಳಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಹೆರಿಗೆ ಕಷ್ಟದ್ದಾಗಿ ಹೊಲಿಗೆ ಹಾಕಿದ್ದರು. ಮನೆಗೆ ಕಳಿಸುವಾಗ ನರ್ಸಬಾಯಿ ನನ್ನನ್ನೇ ನಿಲ್ಲಿಸಿ ಹೇಳಿದರು: “ಬರೇ ಹೊರಸಿನ ಮ್ಯಾಲ ಮಲಗಸಬ್ಯಾಡ್ರಿ, ದಿನಾ ಮನಿಯಾಗ ಮೆಲ್ಲಕ ಅಡ್ಡಾಡಲಿ. ಆದರ ಎರಡು ತಿಂಗಳ ಕೊಡ ಎತ್ತೂದು, ಬೀಸೂದು, ಬಗ್ಗಿ ಏಳೂದು ಏನೂ ಬ್ಯಾಡ. ಮತ್ತ ರಕ್ತ ಕಂಡ್ರ ಎಲ್ಲಾ ಬಿಟ್ಟು ಕರಕೊಂಡ ಬರ್ರಿ.”

ತಲೆಯಾಡಿಸಿದೆ. ತಿಂಗಳು ತುಂಬಿದ ಮೊದಲ ಮಂಗಳವಾರವೇ ಗುಡ್ಡಕ್ಕೆ ಹೊರಡಿಸಿದೆ.

“ಏನ್ರೀ, ಮುಂಜಾನಿಂದ ಮತ್ತ ರಕ್ತ ಕಾಣಾಕ ಹತ್ತೈತ್ರಿ. ಮುಂದಿನ ಹುಣ್ಣಿವಿಗೆ ಹೋಗೂಣು” ಎಂದಳು.

“ದೇವರ ಕೆಲಸಕ್ಕ ನಿಂದೊಂದು ನೆವ! ಅವ್ವ ಸಿಟ್ಟಾಗಿ ಕೂಸಿಗೆ ಏನರ ಆದ್ರ?”

ಕೂಸಿನ ಮಾತು ಬಂದಕೂಡಲೇ ಎದ್ದು ಸೀರೆ ಉಟ್ಟಳು. ಬಸ್ಸಿನ ಪ್ರತಿ ಕುಲುಕಿಗೂ ತುಟಿ ಕಚ್ಚುತ್ತಿದ್ದಳು. ನಾನು ಕಿಟಕಿಯಾಚೆ ನೋಡುತ್ತ ಕುಳಿತಿದ್ದೆ.

ಗುಡ್ಡದಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಎರಡು ಸುತ್ತು ಹಾಕಿದಳು. ಮೂರನೆಯದಕ್ಕೆ ಮಲಗಿದವಳು ಏಳಲಿಲ್ಲ. ಕಲ್ಲುಹಾಸಿನ ಮೇಲೆ ರಕ್ತ. ಆಗ ನನ್ನ ಬಾಯಿಂದ ಬಂದ ಮಾತು ಇದು: “ಏಳು, ಇನ್ನ ಮೂರ ಸುತ್ತ ಉಳದಾವ.”

ಅರಿಸಿನದ ಭಂಡಾರ ಮಾರುತ್ತಿದ್ದ ಮುದುಕಿಯೊಬ್ಬಳು ಬುಟ್ಟಿ ಬಿಟ್ಟು ಓಡಿ ಬಂದಳು.

“ಬೇಡಿಕೊಂಡಾವ್ರು ಯಾರೋ ತಮ್ಮಾ?”

“ನಾನ ರೀ, ಯವ್ವಾ.”

“ಮತ್ತ ನೀ ಯಾಕ ಕಂಬದಂಗ ನಿಂತಿ? ಬೇಡಿದ್ದು ನಿನ್ನ ಬಾಯಿ, ಸವೆಯೂದು ಅಕಿ ಮೈಯೇನ? ಎತ್ಕೋ ಮೊದಲ!”

ನನ್ನ ಕೈಯಲ್ಲಿದ್ದ ಕೂಸನ್ನು ಅವಳಿಗೆ ಕೊಟ್ಟು, ಗಂಗವ್ವನನ್ನು ಎತ್ತಿಕೊಂಡು ಓಡಿದೆ. ಮುದುಕಿ ಕೂಸನ್ನು ಹಿಡಿದು ಹಿಂದೆಯೇ ಬಂದಳು. ಬಸ್ಸು ಒಂದು ತಾಸು ಮೊದಲೇ ಹೊರಟುಹೋಗಬೇಕಿತ್ತು. ಟೈರು ಪಂಕ್ಚರಾಗಿ ಅಲ್ಲೇ ನಿಂತಿತ್ತು, ನಾವು ಮುಟ್ಟಿದಾಗ ಕೊನೆಯ ನಟ್ಟು ಬಿಗಿಯುತ್ತಿದ್ದರು. “ನಡುವ ಯಾರೂ ಇಳ್ಯಾಂಗಿಲ್ಲ, ನೆಟ್ಟಗ ದವಾಖಾನಿಗೆ!” ಎಂದು ಕಂಡಕ್ಟರ್ ಕೂಗಿದ. ಒಬ್ಬರೂ ಎದುರಾಡಲಿಲ್ಲ. ಅದನ್ನು ಅವ್ವನ ಕೃಪೆ ಎನ್ನದೆ ಏನೆನ್ನಲಿ?

ಎರಡು ದಿನ ಗಂಗವ್ವ ಕಣ್ಣು ಬಿಡಲಿಲ್ಲ. ಹಸಿದು ಅಳುವ ಕೂಸನ್ನೆತ್ತಿಕೊಂಡು ದವಾಖಾನೆಯ ಪಡಸಾಲೆಯಲ್ಲಿ ಬೇಡಿದೆ: ‘ಅವ್ವಾ, ತಪ್ಪು ನನ್ನದು. ಶಿಕ್ಷೆ ನನ್ನ ಮೈಗೆ ಕೊಡು.’ ಮೂರನೆಯ ದಿನ ಮುಂಜಾನೆ ಒಳಗಿನಿಂದ ಸಣ್ಣ ದನಿ ಬಂತು: “ಕೂಸಿಗೆ ಹಾಲು ಹಾಕೀರೇನ್ರಿ?”

ಬದುಕಿದಳು. ಆದರೆ ಮುಂದೆ ಅವಳಿಂದ ತುಂಬಿದ ಕೊಡ ಎತ್ತಲಾಗಲೇ ಇಲ್ಲ. ಓಣಿಯವರು ನಕ್ಕರೂ ಬಾವಿಯ ನೀರು ನಾನೇ ತಂದೆ. ಬಸುರಿ ಬಾಣಂತಿಯರ ಮೈಮೇಲೆ ಯಾರೂ ತಮ್ಮ ಹರಕೆ ಹೊರಿಸಬೇಡಿ. ನರ್ಸಬಾಯಿಯ ಮಾತನ್ನೂ ಅವ್ವನೇ ಆಡಿಸಿದ್ದಳೆಂದು ನನಗೆ ತಿಳಿದದ್ದು ತಡವಾಗಿ.

ಉಳಿದ ಮೂರು ಸುತ್ತನ್ನು ಮರುತಿಂಗಳು ನಾನೇ ಹಾಕಿದೆ. ಗಟ್ಟಿ ಆಳು ನಾನು, ಮೊದಲ ಸುತ್ತಿಗೇ ಮೊಣಕಾಲಿನ ಚರ್ಮ ಕಿತ್ತುಬಂತು. ಕುಂಟುತ್ತ ಮನೆಗೆ ಬಂದಾಗ ಗಂಗವ್ವ ಕೊಬ್ಬರಿಎಣ್ಣೆ ತಂದು ನನ್ನ ಕಾಲ ಬಳಿ ಕುಳಿತಳು.

“ಭಾಳ ನೋಯತಾವೇನ್ರಿ?”

ಅಷ್ಟು ದಿನದಲ್ಲಿ ಆ ಮಾತನ್ನು ನಾನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳ ಕೈ ಹಿಡಿದು ಅತ್ತುಬಿಟ್ಟೆ. ಅವ್ವ ನನಗೆ ದರ್ಶನ ಕೊಟ್ಟದ್ದು ಗುಡಿಯಲ್ಲಲ್ಲ, ಅಲ್ಲಿ.